ಮಳೆಯೋ? ಬಳೆಯೋ?



ಹೋದ ಸಲ ಮಾತು ಕೊಟ್ಟಂತೆ ಈ ಸಂಚಿಕೆಗೆ ಹಲಸಿನಕಾಯಿ ಹಪ್ಪಳದ ವಿಷಯ ಬರೆಯಬೇಕಿತ್ತು. ಅಷ್ಟರಲ್ಲಿ ಕಡೂರಿನ ಕಡೆಯ ಓದುಗ ಸೋದರಿಯೊಬ್ಬರ ಕಾಗದ ಬಂತು. ಅವರ ಮೊಮ್ಮಗನಿಗೆ ಎರಡು ವರ್ಷ ತುಂಬಿ ಮೂರು ತಿಂಗಳಾಗಿದೆಯಂತೆ. ಇನ್ನೂ "ಅಮ್ಮ" ಅಂದಿಲ್ಲ. ಬೆನ್ನ ಹಿಂದೆ ನಿಂತು ಕರೆದರೆ ತಿರುಗುವುದಿಲ್ಲ. "ಮನೆಯವರೆಲ್ಲ ಗಂಡುಮಕ್ಕಳಿಗೆ ಮಾತು ತಡ, ಬರುತ್ತೆ ಬಿಡಿ ಅಂತಾರೆ. ಒಂದು ವೇಳೆ ಕಿವಿಯದೇ ತೊಂದರೆ ಅಂತಾದರೆ ಮುಂದೆ ಸ್ಕೂಲಿಗೆ ಸೇರಿಸುವಾಗ ಹೇಳಬೇಕೋ, ಹೇಳದೆ ಇರಬೇಕೋ? ನಿಮಗೆ ಅನುಭವ ಇದೆ ಅಂತ ಗೊತ್ತು, ತಿಳಿಸಿ" ಅಂತ ಬರೆದಿದ್ದಾರೆ.

ಹಪ್ಪಳ ಮುಂದಿನ ಸಲಕ್ಕಿರಲಿ. ನನ್ನ ಮಗಳ ವಿಷಯ ಈ ಪುಟದಲ್ಲಿ ಆಗೊಮ್ಮೆ ಈಗೊಮ್ಮೆ ಬಂದು ಹೋಗಿದೆಯೇ ಹೊರತು ಪೂರ್ತಿಯಾಗಿ ಹೇಳಿರಲಿಲ್ಲ. ಹೇಳದೆ ಇದ್ದದ್ದಕ್ಕೆ ಕಾರಣ ನಾಚಿಕೆ. ಅವಳ ಕಿವಿಯ ನಾಚಿಕೆಯಲ್ಲ, ನಾನು ಮಾಡಿದ ಒಂದು ಕೆಲಸದ ನಾಚಿಕೆ. ಅದನ್ನೂ ಹೇಳುತ್ತೇನೆ, ನಿಧಾನವಾಗಿ.

ಅವಳನ್ನು ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ಹುಟ್ಟಿದ್ದು 2011ರಲ್ಲಿ. ಅವಳಿಗಿಂತ ಐದು ವರ್ಷ ದೊಡ್ಡವನು ಒಬ್ಬ ಅಣ್ಣ. ನಮ್ಮದು ಅರಸೀಕೆರೆ, ಯಜಮಾನರು ತೆಂಗಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಇನ್ನೊಂದು ಮಾತು, ನಮ್ಮದು ಸೋದರಮಾವನ ಸಂಬಂಧ. ಅಂದರೆ ನನ್ನ ಅತ್ತೆಯೇ ನನ್ನ ಸ್ವಂತ ಅಜ್ಜಿ, ತಾಯಿಯ ತಾಯಿ. ಇದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಪುಟ್ಟಿ ಒಂದೂವರೆ ವರ್ಷವಾದರೂ ಮಾತಾಡಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ನೆಕ್ಕಿಸಿದರು. ನಾನು ಹರಕೆ ಹೊತ್ತು ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿಳಿದೆ. "ಇವಳಪ್ಪನೂ ಬಾಯಿ ಬಿಟ್ಟಿದ್ದು ಮೂರು ವರ್ಷಕ್ಕೇ ಕಣೇ" ಅಂತ ಅಜ್ಜಿ ಅಂದರೆ ನನಗೂ ಅಷ್ಟೇ ಬೇಕಿತ್ತು. ದೀಪಾವಳಿಯಲ್ಲಿ ಬೀದಿಯಲ್ಲಿ ಆಟಂ ಬಾಂಬು ಹಚ್ಚಿದಾಗ ಮಗು ಬೆಚ್ಚಿಬಿದ್ದು ಅತ್ತಿತು. ಆವತ್ತು ನಾವೆಲ್ಲ ಎಷ್ಟು ಸಂತೋಷಪಟ್ಟೆವು ಅಂತೀರಿ! ನೋಡಿದ್ಯಾ, ಕೇಳುತ್ತೆ, ಕೇಳುತ್ತೆ ಅಂತ. ಮಗು ಅಳುತ್ತಿದೆ, ಮನೆಯವರೆಲ್ಲ ನಗುತ್ತಿದ್ದೇವೆ.

ಇಲ್ಲೇ ಮೋಸ ಹೋಗುವುದು. ಕಿವುಡು ಅಂದರೆ ಏನೂ ಕೇಳಿಸುವುದಿಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲ. ನಾವು ಮನೆಯಲ್ಲಿ ಮಾತಾಡುವ ಸದ್ದು ಸುಮಾರು 60 ಡೆಸಿಬಲ್ ಇರುತ್ತದೆ. ನನ್ನ ಮಗಳ ಕಿವಿ ಕೇಳಲು ಶುರುಮಾಡುವುದೇ 75ರಿಂದ. ಪಟಾಕಿ ಕೇಳುತ್ತದೆ, ಲಾರಿ ಹಾರನ್ನು ಕೇಳುತ್ತದೆ, ತಟ್ಟೆ ಬಿದ್ದದ್ದು ಕೇಳುತ್ತದೆ. ತಾಯಿ ಮಾತು ಕೇಳುವುದಿಲ್ಲ. ಇದನ್ನು ಓದುತ್ತಿರುವ ಯಾರೇ ಆಗಲಿ, ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ಮಗುವಿನ ಕಿವಿ ಪರೀಕ್ಷೆ ಮಾಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಚಪ್ಪಾಳೆಯ ನೆರಳಿಗೂ ಮಗು ತಿರುಗುತ್ತದೆ, ಗಾಳಿಗೂ ತಿರುಗುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೆ. ನಮಗೆ ಅದರ ಹೆಸರು ಗೊತ್ತಾದದ್ದು ಪುಟ್ಟಿಗೆ ಎರಡೂವರೆ ವರ್ಷವಾದಾಗ, ಅದೂ ಮಂಡಿಗೆ ಬರುವ ಒಬ್ಬರು ಲಾರಿ ಮಾಲೀಕರಿಂದ. ಅಲ್ಲಿ ಮಗುವಿಗೆ ನಿದ್ದೆ ಬರಿಸಿ, ತಲೆಗೆ ತಂತಿ ಅಂಟಿಸಿ ಬೆರಾ ಅಂತ ಒಂದು ಪರೀಕ್ಷೆ ಮಾಡಿದರು. ನೋವೇನೂ ಇಲ್ಲ. ಮಗು ಮಲಗಿರುವಾಗಲೇ ಕಿವಿಯ ನರ ಸದ್ದಿಗೆ ಎದ್ದಿತೋ ಇಲ್ಲವೋ ಅಂತ ಗೊತ್ತಾಗುತ್ತದೆ. ಹಸುಗೂಸಿಗಾದರೆ ಇದಕ್ಕೂ ಮೊದಲಿನ ಒಂದು ಪರೀಕ್ಷೆ ಇದೆ, ಕಿವಿಯಲ್ಲಿ ಚಿಕ್ಕ ಬಿರಡೆ ಇಟ್ಟು ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ. ಒಂದು ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಮಿಷಿನ್ನು, ಹೀಗಾದರೆ ಒಳ್ಳೆಯದು ಅಂತ ಅಲ್ಲಿಯವರು ಹೇಳುತ್ತಾರೆ. ನಾವು ಹೋದದ್ದು ಮೂವತ್ತು ತಿಂಗಳಿಗೆ. ಬಜೆ ತೇಯುತ್ತಾ ಕಳೆದ ತಿಂಗಳುಗಳು ಅವು.

ವರದಿ ಕೊಡುವಾಗ ಡಾಕ್ಟರು "ಸಂಬಂಧದಲ್ಲೇ ಮದುವೆಯಾ?" ಅಂತ ಕೇಳಿದರು. ಹೌದು ಅಂದೆ. ಸಂಬಂಧದಲ್ಲಿ ಆದವರ ಮಕ್ಕಳಲ್ಲಿ ಹುಟ್ಟುಕಿವುಡು ಹೆಚ್ಚು ಕಾಣುತ್ತೆ, ಆದರೆ ಇದೇ ಕಾರಣ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ, ಸಂಬಂಧವೇ ಇಲ್ಲದವರ ಮಕ್ಕಳಿಗೂ ಇರುತ್ತೆ ಅಂತಲೂ ಅಂದರು. ಮನೆಗೆ ಬಂದು ಮೊದಲ ಮಾತು ಮಾತ್ರ ಹೇಳಿದೆ ನಾನು, ಎರಡನೆಯದು ಹೇಳಲಿಲ್ಲ. ಕೋಪ ಇತ್ತು, ಸುಳ್ಳು ಯಾಕೆ ಹೇಳಲಿ. ಈ ಮದುವೆ ಮಾಡಿಸಿದ್ದು ಅಜ್ಜಿಯೇ ಅಲ್ಲವೇ? ಆ ಮುದುಕಿ ಒಂದು ಮಾತೂ ಆಡದೆ ಹಿತ್ತಿಲಿಗೆ ಹೋಗಿ ಕೂತವರು ರಾತ್ರಿ ಊಟಕ್ಕೂ ಬರಲಿಲ್ಲ. ಡಾಕ್ಟರ ಎರಡನೆಯ ಮಾತನ್ನು ನಾನು ಅವರಿಗೆ ಹೇಳಿದ್ದು ವರ್ಷದ ಮೇಲೆ.

ಎರಡು ಕಿವಿಗೂ ಮಿಷಿನ್ನು ಬೇಕು ಅಂದರು. ಆದಾಯ ಕಡಿಮೆ ಇರುವವರಿಗೆ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಿಗುತ್ತದೆ. ನಮಗೆ ಆಗ ಅದರ ಕಾಗದಪತ್ರ ಗೊತ್ತಿಲ್ಲದೆ ನನ್ನ ನಾಲ್ಕು ಬಳೆ ಮಾರಿ ತೆಗೆದುಕೊಂಡೆವು. ಆಪರೇಷನ್ ಮಾಡಿ ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆಯೂ ಕೇಳಿದೆವು. ಇವಳಿಗೆ ಮಿಷಿನ್ನಿನಿಂದಲೇ ಪ್ರಯೋಜನ ಇದೆ, ಸದ್ಯಕ್ಕೆ ಬೇಡ ಅಂದರು. ಹಾಕಿಸಿಕೊಂಡು ರೈಲಿನಲ್ಲಿ ವಾಪಸು ಬರುವಾಗ ಕೃಷ್ಣರಾಜನಗರದ ಹತ್ತಿರ ಇಂಜಿನ್ನು ಕೂಗಿತು ನೋಡಿ, ಮಗು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ನನ್ನ ಮಡಿಲಿಗೆ ನುಗ್ಗಿತು. ಈ ಸಲ ಯಾರೂ ನಗಲಿಲ್ಲ.

ಮಿಷಿನ್ನು ಹಾಕಿದರೆ ಕನ್ನಡಕ ಹಾಕಿದಂತೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಆ ಸದ್ದು ಮಾತು ಅಂತ ಮಗುವಿಗೆ ಕಲಿಸಬೇಕಾದವರು ನಾವು. ಆ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳಿಗೆ ಶಿಶುವಿಹಾರದಂಥ ಶಾಲೆ ಇದೆ, ತಾಯಿಯೂ ಜೊತೆಗೆ ಕೂತು ಕಲಿಯಬೇಕು. ದೊಡ್ಡವನನ್ನು ಅಜ್ಜಿಯ ಹತ್ತಿರ ಬಿಟ್ಟು ನಾನು ಪುಟ್ಟಿಯನ್ನು ಕಟ್ಟಿಕೊಂಡು 2014ರ ಜೂನ್‌ನಲ್ಲಿ ಮೈಸೂರಿಗೆ ಹೋದೆ. ಪಡುವಾರಹಳ್ಳಿಯಲ್ಲಿ ಒಂದು ರೂಮು. ಮೂರು ವರ್ಷ. ದೊಡ್ಡವನಿಗೆ ಆಗ ಎಂಟು ವರ್ಷ. ಹೊರಡುವ ದಿನ "ನನಗೂ ಕಿವಿ ಕೇಳದೆ ಇದ್ದಿದ್ರೆ ನನ್ನೂ ಕರಕೊಂಡು ಹೋಗ್ತಿದ್ದೆ ಅಲ್ವಾ?" ಅಂದ. ಅವನಿಗೆ ಉತ್ತರ ಕೊಡಲಿಲ್ಲ ನಾನು. ಬಸ್‌ಸ್ಟ್ಯಾಂಡಿಗೆ ಹೊತ್ತಾಗುತ್ತೆ ಅಂತ ಹೊರಟೆ.

ಆ ಮೂರು ವರ್ಷದಲ್ಲಿ ಕಲಿತದ್ದನ್ನು ಬರೆದರೆ ಈ ಪತ್ರಿಕೆಯ ಪುಟವೆಲ್ಲ ಸಾಲದು. ಒಂದೆರಡು ಹೇಳುತ್ತೇನೆ.

ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ "ಮಳೆ" ಅನ್ನಿ. ಆಮೇಲೆ "ಬಳೆ" ಅನ್ನಿ. ತುಟಿಯಲ್ಲಿ ಏನಾದರೂ ವ್ಯತ್ಯಾಸ ಕಂಡಿತೇ? ಇಲ್ಲ. ಪ, ಬ, ಮ ಮೂರೂ ತುಟಿ ನೋಡುವವರಿಗೆ ಒಂದೇ. ಪುಟ್ಟಿ "ಬಳೆ ಬಂತು" ಅಂತ ಕಿಟಕಿಗೆ ಓಡುತ್ತಿದ್ದಳು. ಆಗ ಅವಳ ಒಂದು ಬೆರಳನ್ನು ನನ್ನ ಮೂಗಿನ ಪಕ್ಕಕ್ಕೆ ಒತ್ತಿ ಹಿಡಿದು "ಮ್‌ಮಳೆ" ಅನ್ನಬೇಕು, ಮೂಗು ಅದುರುತ್ತದೆ. "ಬಳೆ" ಅಂದರೆ ಹಾಗೆ ಅದುರುವುದಿಲ್ಲ. "ಪ"ಗೆ ಬಾಯಿಯ ಮುಂದೆ ಕಾಗದದ ಚೂರು ಹಿಡಿದರೆ ಹಾರುತ್ತದೆ. ಹೀಗೆ ಒಂದೊಂದು ಅಕ್ಷರಕ್ಕೆ ವಾರಗಟ್ಟಲೆ. ನಮ್ಮ ಅಜ್ಜಿ ರಜಕ್ಕೆ ಬಂದಾಗ ಪುಟ್ಟಿಗೆ ಕತೆ ಹೇಳಲು ಕೂತರು. ಮಗು ಅವರ ಬಾಯನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ ಲೋಟದಲ್ಲಿದ್ದ ಹಲ್ಲಿನ ಸೆಟ್ಟನ್ನು ತಂದು ಕೈಗಿಟ್ಟಿತು. "ಹಾಕು" ಅಂದಳು. ಬೊಚ್ಚುಬಾಯಿಯ ತುಟಿ ಓದಲು ಬರುವುದಿಲ್ಲ, ಪಾಪ. ಆವತ್ತಿನಿಂದ ಅಜ್ಜಿ ಊಟಕ್ಕೆ ಹಾಕದಿದ್ದರೂ ಮೊಮ್ಮಗಳ ಜೊತೆ ಮಾತಿಗೆ ಹಲ್ಲು ಹಾಕಿಕೊಳ್ಳುತ್ತಿದ್ದರು.

ಇನ್ನೊಂದು ಕಷ್ಟ ನಮ್ಮ ಭಾಷೆಯದು. ಮಾತಿನ ಕೊನೆಗೆ ಬರುವ "ಗೆ", "ಇಂದ", "ಅಲ್ಲಿ" ಇವೆಲ್ಲ ನಾವು ಆಡುವಾಗ ತೇಲಿ ಹೋಗುತ್ತವೆ. ಕೇಳುವ ಮಕ್ಕಳು ಅದನ್ನು ಗಾಳಿಯಿಂದಲೇ ಹಿಡಿದುಕೊಳ್ಳುತ್ತವೆ. ಇವಳಿಗೆ ಅದು ಕೇಳುವುದೇ ಇಲ್ಲ. "ಅಮ್ಮ ಅಂಗಡಿ ಹೋಗು ಅಕ್ಕಿ ತಾ" ಅನ್ನುತ್ತಿದ್ದಳು. ಅಂಗಡಿಗೆ ಹೋದದ್ದೋ, ಅಂಗಡಿಯಿಂದ ತಂದದ್ದೋ ಅಂತ ಬಿಡಿಸಿ ಕಲಿಸಲು ನನಗೆ ಸಿಕ್ಕ ಪಾಠಶಾಲೆ ಅಡುಗೆಮನೆಯೇ. ನಾವು ಮಾಡುವ ಹೆಸರುಬೇಳೆ ಕೋಸಂಬರಿ ಇದೆಯಲ್ಲ, ಅದೇ ಅವಳ ವ್ಯಾಕರಣ ಪುಸ್ತಕ. ಬೇಳೆಯನ್ನು ನೀರಿನಲ್ಲಿ ನೆನೆಸು. ಬೇಳೆಯಿಂದ ನೀರು ಬಸಿ. ಸೌತೆಕಾಯಿಯನ್ನು ಹೆಚ್ಚು. ಬೇಳೆಗೆ ಸೌತೆಕಾಯಿ ಹಾಕು. ಕಾಯಿತುರಿ ಹಾಕು. ಒಗ್ಗರಣೆಗೆ ಸಾಸಿವೆ ಹಾಕು, ಇಂಗು ಹಾಕು. ಕೊನೆಗೆ ಉಪ್ಪು, ನಿಂಬೆಹುಳಿ. ಉಪ್ಪನ್ನು ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ, ಇದು ನಿಮಗೆ ಗೊತ್ತೇ ಇದೆ. ಪ್ರತಿಯೊಂದು ಮಾತನ್ನೂ ಅವಳ ಎತ್ತರಕ್ಕೆ ಬಗ್ಗಿ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತು, ಕಿರುಚದೆ ಹೇಳಬೇಕು. ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ. ಆ ಮೂರು ವರ್ಷದಲ್ಲಿ ನಾವು ತಿಂದ ಕೋಸಂಬರಿ ಯಾವ ರಾಮನವಮಿಯಲ್ಲೂ ಯಾರೂ ತಿಂದಿರಲಾರರು.

2017ರಲ್ಲಿ ಊರಿಗೆ ಬಂದು ಒಂದನೇ ಕ್ಲಾಸಿಗೆ ಸೇರಿಸಲು ಹೋದೆವು. ಪುಟ್ಟಿ ಆಗ ಮಾತಾಡುತ್ತಿದ್ದಳು. ಉಚ್ಚಾರ ಸ್ವಲ್ಪ ಮೂಗಿನಲ್ಲಿ, "ಸ" ಸರಿಯಾಗಿ ಬಾರದು, ಆದರೆ ಅರ್ಥವಾಗುತ್ತಿತ್ತು. ಮೊದಲು ಹೋದ ಶಾಲೆಯ ಮುಖ್ಯಸ್ಥರು ಅವಳ ಹೆಸರನ್ನೂ ಕೇಳದೆ, ಕಿವಿಯನ್ನು ನೋಡಿ, "ಇಂಥ ಮಕ್ಕಳಿಗೇ ಬೇರೆ ಶಾಲೆ ಇರುತ್ತಲ್ಲಮ್ಮ" ಅಂದರು. ಆ ವರ್ಷದ ಏಪ್ರಿಲ್‌ನಲ್ಲೇ ಅಂಗವಿಕಲರ ಹಕ್ಕುಗಳ ಹೊಸ ಕಾಯಿದೆ ಜಾರಿಗೆ ಬಂದಿತ್ತು, ಮಾನ್ಯತೆ ಪಡೆದ ಶಾಲೆ ಹೀಗೆ ಭೇದ ಮಾಡಿ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ ಅದರಲ್ಲಿದೆ. ನನಗೆ ಅದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ಅದು ಅವರಿಗೇ ಗೊತ್ತು.

ಎರಡನೇ ಶಾಲೆಗೆ ಹೋಗುವ ದಿನ ನಾನು ಒಂದು ಕೆಲಸ ಮಾಡಿದೆ. ದೊಡ್ಡವನು ಓದುತ್ತಿದ್ದ ಶಾಲೆಯೇ ಅದು. ಪುಟ್ಟಿಗೆ ತಲೆ ಬಾಚಿ, ಎರಡು ಜಡೆ ಹಾಕಿ, ಕಿವಿಯ ಮೇಲೆ ಕೂದಲು ಇಳಿಬಿಟ್ಟು, ರಿಬ್ಬನ್ನನ್ನು ದೊಡ್ಡ ಹೂವಿನ ಹಾಗೆ ಮಡಿಸಿ ಸರಿಯಾಗಿ ಮಿಷಿನ್ನಿನ ಮೇಲೆ ಕೂರುವ ಹಾಗೆ ಕಟ್ಟಿದೆ. ಕನ್ನಡಿಯಲ್ಲಿ ನೋಡಿದೆ, ಏನೂ ಕಾಣುತ್ತಿರಲಿಲ್ಲ. ಅವಳ ಮುಂದೆ ಕೂತು, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆಯೇ ಕೂತು, "ಯಾರಿಗೂ ತೋರಿಸಬೇಡ. ಯಾರಿಗೂ ಹೇಳಬೇಡ" ಅಂದೆ. ತುಂಬಾ ಸ್ಪಷ್ಟವಾಗಿ ಅರ್ಥಮಾಡಿಕೊಂಡಳು. ಯಜಮಾನರು "ಬೇಡ ಕಣೇ" ಅಂದರು. "ನೀವು ಸುಮ್ಮನಿರಿ, ಸೀಟು ಸಿಗಲಿ" ಅಂದೆ. ಸೀಟು ಸಿಕ್ಕಿತು.

ಮಿಷಿನ್ನನ್ನು ಕೂದಲಿನಿಂದ, ಬಟ್ಟೆಯಿಂದ ಮುಚ್ಚಿದರೆ ಏನಾಗುತ್ತದೆ ಅಂತ ಈಗ ಹೇಳುತ್ತೇನೆ ಕೇಳಿ. ಕೂದಲು ಉಜ್ಜಿದ್ದೆಲ್ಲ ಕಿವಿಯೊಳಗೆ ಪರಪರ ಅಂತ ದೊಡ್ಡದಾಗಿ ಕೇಳುತ್ತದೆ. ಹೊರಬಂದ ಸದ್ದು ಮತ್ತೆ ಒಳಗೇ ಹೋಗಿ ಕುಂಯ್ ಅಂತ ಸೀಟಿ ಹಾಕುತ್ತದೆ. ಆ ಸೀಟಿ ಪಕ್ಕದವರಿಗೆ ಚೆನ್ನಾಗಿ ಕೇಳುತ್ತದೆ. ಟೀಚರಿಗೆ ಇವಳು ಬೇಕಂತಲೇ ಸೀಟಿ ಹಾಕುತ್ತಾಳೆ ಅನ್ನಿಸಿತು. ಕರೆದರೆ ಓಗೊಡುವುದಿಲ್ಲ, ಮೊಂಡು. ಕೂತದ್ದು ಮೂರನೇ ಬೆಂಚು, ಮೇಲೆ ಫ್ಯಾನು. ಅಕ್ಷರ ದುಂಡಗೆ ಬರೆಯುತ್ತಾಳೆ, ಬೋರ್ಡು ನೋಡಿ ಬರೆದದ್ದರಲ್ಲಿ ಒಂದು ತಪ್ಪಿಲ್ಲ. ಉಕ್ತಲೇಖನಕ್ಕೆ ಮಾತ್ರ ಹತ್ತಕ್ಕೆ ಸೊನ್ನೆ. ಟೀಚರು ಪುಸ್ತಕ ಹಿಡಿದು ಬೆಂಚುಗಳ ನಡುವೆ ಓಡಾಡುತ್ತಾ ಹೇಳುವುದು, ಬೆನ್ನು ತಿರುಗಿದರೆ ಇವಳಿಗೆ ಮಾತೇ ಇಲ್ಲ. ಅವರ ತಪ್ಪು ಅಂತ ನಾನು ಹೇಗೆ ಹೇಳಲಿ? ಕಿವಿ ಕೇಳುವ ಹುಡುಗಿ ಅಂತ ನಾನೇ ತಾನೇ ಬಿಟ್ಟು ಬಂದದ್ದು.

ನವೆಂಬರ್‌ನಲ್ಲಿ ಒಂದು ಸಂಜೆ ಕೈ ತೊಳೆಸುವಾಗ ಅಂಗೈ ಕೆಂಪಗೆ ಬಾತಿತ್ತು. ಏನಾಯಿತು ಅಂದೆ. ಬಿದ್ದೆ ಅಂದಳು. ಮಾರನೇ ವಾರವೂ ಬಿದ್ದೆ ಅಂದಳು. ಮೂರನೇ ಸಲ ಬಾಯಿ ಬಿಟ್ಟದ್ದು ದೊಡ್ಡವನು. ಅವನು ಆಗ ಆರನೇ ಕ್ಲಾಸು. ಯಾವುದೋ ನೋಟೀಸು ಹಿಡಿದುಕೊಂಡು ಒಂದನೇ ಕ್ಲಾಸಿಗೆ ಹೋದಾಗ ತಂಗಿ ಕೈ ಚಾಚಿ ನಿಂತಿದ್ದಾಳೆ, ಸ್ಕೇಲು ಮೇಲೆದ್ದಿದೆ. ಇವನು ಬಾಗಿಲಿನಿಂದಲೇ "ಮಿಸ್, ಅವಳಿಗೆ ಕಿವಿ ಕೇಳಲ್ಲ ಮಿಸ್" ಅಂತ ಕೂಗಿಕೊಂಡನಂತೆ. ಒಳಗೆ ಹೋಗಿ ರಿಬ್ಬನ್ನು ಎತ್ತಿ ತೋರಿಸಿದನಂತೆ. ಮನೆಗೆ ಬಂದವನು ಚೀಲ ಬಿಸಾಡಿ, "ನೀನು ಹೇಳಬೇಡ ಅಂದಿದ್ದೆ ಅಂತ ಅವಳು ಹೇಳಲಿಲ್ಲ. ನನಗೆ ಹೇಳಬೇಡ ಅಂತ ನೀನು ಅಂದಿರಲಿಲ್ಲ" ಅಂದ. ಆ ಹುಡುಗನನ್ನು ಮೂರು ವರ್ಷ ಬಿಟ್ಟುಹೋಗಿದ್ದವಳು ನಾನು.

ಪುಟ್ಟಿಯನ್ನು ಕೂರಿಸಿಕೊಂಡು ರಿಬ್ಬನ್ನು ಬಿಚ್ಚಿದೆ. ನನ್ನ ಬಾಯಿಂದ ಮೂರು ವರ್ಷ ಕಷ್ಟಪಟ್ಟು ಮಾತು ಕಲಿತ ಮಗುವಿಗೆ ಮಾತಾಡಬೇಡ ಅಂತಲೂ ನಾನೇ ಕಲಿಸಿದ್ದೆ.

ಮರುದಿನ ಶಾಲೆಗೆ ಹೋಗಿ ಎಲ್ಲ ಹೇಳಿ ಕ್ಷಮೆ ಕೇಳಿದೆ. ಟೀಚರು ಅತ್ತುಬಿಟ್ಟರು, ಚಿಕ್ಕ ವಯಸ್ಸಿನವರು. ಆಡಳಿತದವರು ಅಳಲಿಲ್ಲ. ಮಗುವಿಗೆ ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ ಅಂತ ಬರೆದುಕೊಡಿ, ಇಲ್ಲದಿದ್ದರೆ ಟಿ.ಸಿ. ತೆಗೆದುಕೊಳ್ಳಿ ಅಂದರು. ಯಜಮಾನರು ಆವತ್ತು ಒಂದೇ ಮಾತಿಗೆ "ಟಿ.ಸಿ. ಕೊಡಿ" ಅಂದರು. ನನಗೆ ಹೆದರಿಕೆ. ಬಿ.ಆರ್.ಸಿ. ಕಚೇರಿಯಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಬಿ.ಐ.ಇ.ಆರ್.ಟಿ. ಅನ್ನುತ್ತಾರೆ. ಅಲ್ಲಿಗೆ ಹೋಗಿ ಕೇಳಿ ಅಂತ ಯಾರೋ ಅಂದರು. ಹೋದೆವು. ಆ ಮೇಡಂ ನಮ್ಮ ಜೊತೆಗೇ ನಡೆದು ಬಂದು, ನಮ್ಮ ಬೀದಿಯ ಕೊನೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿಸಿಕೊಟ್ಟರು. ಮೂರು ನಿಮಿಷದ ದಾರಿ. ಇಷ್ಟು ವರ್ಷ ಅದರ ಮುಂದೆಯೇ ತರಕಾರಿಗೆ ಹೋಗುತ್ತಿದ್ದೆ, ನಮ್ಮ ಮಕ್ಕಳಿಗೆ ಅಂತ ಆ ಕಡೆ ತಲೆ ಎತ್ತಿ ನೋಡಿರಲಿಲ್ಲ.

ಅಲ್ಲಿಯ ಟೀಚರಿಗೆ ಕಿವುಡು ಮಕ್ಕಳ ತರಬೇತಿ ಏನೂ ಇರಲಿಲ್ಲ. "ನಾನೇನು ಮಾಡಬೇಕು ಹೇಳಮ್ಮ" ಅಂದರು, ಅಷ್ಟೇ. ಆ ಒಂದು ಮಾತು ಯಾರಿಂದಲೂ ಕೇಳಿರಲಿಲ್ಲ ನಾನು. ಮುಂದಿನ ಬೆಂಚಿನ ಒಂದು ಪಕ್ಕಕ್ಕೆ ಕೂರಿಸಿದರು, ಅಲ್ಲಿಂದ ಟೀಚರ ಮುಖವೂ ಕಾಣಬೇಕು, ಉತ್ತರ ಹೇಳುವ ಮಕ್ಕಳ ಮುಖವೂ ಕಾಣಬೇಕು. ಬೋರ್ಡಿನ ಮೇಲೆ ಬರೆಯುವಾಗ ಬಾಯಿ ಮುಚ್ಚಿ ಬರೆದು, ತಿರುಗಿದ ಮೇಲೆ ಮಾತು. ಉಕ್ತಲೇಖನ ಒಂದೇ ಕಡೆ ನಿಂತು. ಬೆಂಚು ಎಳೆದಾಗ ಕಿರ್ರೆನ್ನುವ ಸದ್ದು ಮಿಷಿನ್ನಿನಲ್ಲಿ ಪ್ರಾಣ ಹಿಂಡುತ್ತದೆ. ಯಜಮಾನರು ಹಳೇ ಸೈಕಲ್ ಟ್ಯೂಬು ಕತ್ತರಿಸಿ ಕ್ಲಾಸಿನ ಎಲ್ಲ ಬೆಂಚುಗಳ ಕಾಲಿಗೂ ಒಂದು ಭಾನುವಾರ ಕೂತು ಸುತ್ತಿ ಬಂದರು. ಪಕ್ಕದಲ್ಲಿ ಕೂರುವ ಹುಡುಗಿಗೆ, ಪುಟ ತಿರುಗಿಸಿದಾಗ ಇವಳ ಮೊಣಕೈ ಮುಟ್ಟುವ ಕೆಲಸ. ಖರ್ಚು? ಇಷ್ಟಕ್ಕೆಲ್ಲ ಸೇರಿ ಒಂದು ರೂಪಾಯಿ ಇಲ್ಲ.

ಜಡೆ ಮೇಲೆತ್ತಿ ಕಟ್ಟಿದೆ. ಮೊದಲ ವಾರ ಮಕ್ಕಳು ಮುತ್ತಿಕೊಂಡು ನೋಡಿದವು. ಮಿಷಿನ್ನಿನ ಬಟನ್ ಸೆಲ್ಲಿಗೆ ಒಂದು ಸ್ಟಿಕ್ಕರು ಇರುತ್ತದೆ, ಅದನ್ನು ಕಿತ್ತು ಗಾಳಿ ತಾಕಿದ ಮೇಲೆಯೇ ಸೆಲ್ಲು ಜೀವ ಪಡೆಯುವುದು. ಆ ಸ್ಟಿಕ್ಕರಿಗಾಗಿ ಕ್ಲಾಸಿನಲ್ಲಿ ಜಗಳವಾಗಿ, ಕೊನೆಗೆ ಸರದಿ ಮಾಡಿಕೊಂಡವು.

ಓದಿನ ಕಷ್ಟ ಬೇರೆ ಇತ್ತು. ನಾವು ಮನೆಯಲ್ಲಿ "ಬರ್ತೀನಿ, ಹೋಗ್ತಾಳೆ, ತಂದ್ಲು" ಅನ್ನುತ್ತೇವೆ. ಪುಸ್ತಕದಲ್ಲಿ "ಬರುತ್ತೇನೆ, ಹೋಗುತ್ತಾಳೆ, ತಂದಳು". ಬೇರೆ ಮಕ್ಕಳಿಗೆ ಇದು ಒಂದೇ ಮಾತು. ಒಂದೊಂದು ಮಾತನ್ನೂ ದುಡ್ಡು ಕೊಟ್ಟು ಕೊಂಡಂತೆ ಕಲಿತವಳಿಗೆ ಎರಡೂ ಬೇರೆ ಬೇರೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಮನೆ ಮಾತು, ಬಲಕ್ಕೆ ಪುಸ್ತಕದ ಮಾತು ಅಂತ ಬರೆಯುತ್ತಾ ಹೋದೆವು. ಅಂಥವು ಈಗ ಹನ್ನೊಂದು ನೋಟ್‌ಬುಕ್ಕಾಗಿವೆ. ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದ ನನಗೂ ಅದರಿಂದ ಲಾಭವೇ ಆಯಿತು. ಈ ಅಂಕಣ ಬರೆಯುವ ಧೈರ್ಯ ಬಂದದ್ದು ಆ ಬಲಗಡೆಯ ಸಾಲಿನಿಂದ. ಎಡಗಡೆಯದು ನಡುನಡುವೆ ನುಸುಳುತ್ತದೆ, ನೀವು ನೋಡಿದ್ದೀರಿ.

ಕೊರೊನಾ ಬಂದಾಗ ಮಾತ್ರ ಸೋತೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಫೋನಿನ ಪಾಠದಲ್ಲಿ ಟೀಚರ ಮುಖ ಹೆಬ್ಬೆರಳಿನಷ್ಟು, ತುಟಿ ಎಲ್ಲಿ ಕಾಣಬೇಕು? 1ರಿಂದ 5ನೇ ತರಗತಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ತೆರೆದರೆ ಎಲ್ಲರ ಬಾಯಿಗೂ ಮಾಸ್ಕು. ಪ್ರಪಂಚವೇ ಅವಳ ಜೊತೆ ಮಾತು ಬಿಟ್ಟ ಹಾಗಾಯಿತು. ಜೊತೆಗೆ ಮಾಸ್ಕಿನ ದಾರವೂ ಮಿಷಿನ್ನೂ ಒಂದೇ ಕಿವಿಯ ಹಿಂದೆ, ಮಾಸ್ಕು ಎಳೆದಾಗ ಮಿಷಿನ್ನು ಹಾರಿ ಒಂದು ಸಲ ಚರಂಡಿಗೇ ಬಿತ್ತು. ಮಾಸ್ಕಿನ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹೊಲಿದು ಟೀಚರಿಗೆ ನಾಲ್ಕು ಮಾಡಿಕೊಟ್ಟೆ. ಉಸಿರಿಗೆ ಮಂಜು ಕಟ್ಟುತ್ತಿತ್ತು, ಪಾಪ ಒರೆಸಿಕೊಂಡು ಒರೆಸಿಕೊಂಡು ಪಾಠ ಮಾಡಿದರು.

ಈಗ ಪುಟ್ಟಿ ಒಂಬತ್ತನೇ ಕ್ಲಾಸು. ಹೈಸ್ಕೂಲಿನಲ್ಲಿ ಪೀರಿಯಡ್ಡಿಗೊಬ್ಬರು ಮೇಷ್ಟರು, ದಪ್ಪ ಮೀಸೆಯವರೂ ಇದ್ದಾರೆ. ಮೀಸೆ ತುಟಿಯ ಮೇಲೆ ಇಳಿದರೆ ಇವಳಿಗೆ ಅರ್ಧ ಮಾತು ಹೋಯಿತು. ಗಣಿತದಲ್ಲಿ ಚುರುಕು, ಇಂಗ್ಲಿಷ್ ಕಷ್ಟ. ಮುಂದಿನ ವರ್ಷದ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡುವ ನಿಯಮ ಇದೆ, ಅದಕ್ಕೆ ಶಾಲೆಯ ಮೂಲಕ ಮೊದಲೇ ಅರ್ಜಿ ಹೋಗಬೇಕು.

ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಮಾತು ಕಲಿಯುವ ಕಾಲದಲ್ಲಿ ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಅಂತ ನಂಬಿ, ಅವಳು ಕೈ ಎತ್ತಿದರೆ ಹಿಡಿದು ಕೆಳಗಿಡುತ್ತಿದ್ದೆ. ಹೋದ ವರ್ಷ ಮೈಸೂರಿಗೆ ಕಿವಿಯ ಅಚ್ಚು ಬದಲಾಯಿಸಲು ಹೋದಾಗ ಅಲ್ಲಿ ಇಬ್ಬರು ಕಿವುಡು ಹುಡುಗಿಯರು ಕೈಯಲ್ಲಿ ಮಾತಾಡಿಕೊಳ್ಳುತ್ತಾ ನಗುತ್ತಿದ್ದರು. ಇವಳು ಹೋಗಿ ಅವರ ನಡುವೆ ಕೂತಳು. ಅರ್ಧ ಗಂಟೆಯಲ್ಲಿ ಇವಳೂ ನಗುತ್ತಿದ್ದಳು, ಯಾರ ತುಟಿಯನ್ನೂ ದಿಟ್ಟಿಸದೆ, ಆರಾಮವಾಗಿ. ಈಗ ಫೋನಿನಲ್ಲಿ ನೋಡಿ ಸನ್ನೆ ಭಾಷೆ ಕಲಿಯುತ್ತಿದ್ದಾಳೆ. ನನಗೆ ಮೊದಲು ಹೊಟ್ಟೆ ಉರಿಯಿತು, ಇಷ್ಟು ಕಷ್ಟಪಟ್ಟಿದ್ದಕ್ಕೆ ಇದೇನಾ ಅಂತ. ಮೊನ್ನೆ ನಾನೂ ಹತ್ತು ಸನ್ನೆ ಕಲಿತೆ. ಮಳೆಗೂ ಬಳೆಗೂ ಅದರಲ್ಲಿ ಗೊಂದಲವೇ ಇಲ್ಲವಂತೆ.

ಇನ್ನು ಕಡೂರಿನ ಸೋದರಿಗೆ. ನಿಮ್ಮ ಪ್ರಶ್ನೆ ಶಾಲೆಯದು, ಆದರೆ ಮಗುವಿಗೆ ಎರಡೇ ವರ್ಷ. ಮೊದಲು ಕಿವಿ ನೋಡಿಸಿ. ಮುಂದಿನ ತಿಂಗಳಲ್ಲ, ಈ ವಾರ. ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ಕೇಳಿ, ಇಲ್ಲವೇ ನೇರ ಮೈಸೂರಿನ ಸಂಸ್ಥೆಗೆ ಹೋಗಿ. ಹೋಗುವಾಗ ಮಗುವಿನ ಆಧಾರ್, ಜನನ ಪತ್ರ, ರೇಷನ್ ಕಾರ್ಡು, ಆದಾಯ ಪತ್ರ ಇಟ್ಟುಕೊಂಡಿರಿ, ನನ್ನ ಹಾಗೆ ಬಳೆ ಮಾರುವ ಅವಸರ ಮಾಡಬೇಡಿ. ತೊಂದರೆ ಅಂತ ಖಚಿತವಾದರೆ ಯು.ಡಿ.ಐ.ಡಿ. ಕಾರ್ಡು ಮಾಡಿಸಿ. ಅದರಲ್ಲಿ ಶೇಕಡಾ 40 ಅಥವಾ ಹೆಚ್ಚು ಅಂತ ಬಂದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ನೀವು ಆರಿಸಿದ ಕಡೆ ಉಚಿತ ಶಿಕ್ಷಣ ಮಗುವಿನ ಹಕ್ಕು, 2016ರ ಕಾಯಿದೆಯಲ್ಲೇ ಇದೆ. ಕಾಯಿದೆ ಇದೆ ಅಂತ ಎಲ್ಲ ಬಾಗಿಲೂ ತಾನಾಗಿ ತೆರೆಯುವುದಿಲ್ಲ, ಆದರೆ ಬಿ.ಆರ್.ಸಿ. ಕಚೇರಿಯವರನ್ನು ಜೊತೆಗೆ ಕರೆದುಕೊಂಡು ಹೋದರೆ ಮಾತಿನ ಧಾಟಿ ಬದಲಾಗುತ್ತದೆ.

ಮಿಷಿನ್ನು ಬಂದರೆ ರಾತ್ರಿ ಬಿಚ್ಚಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ನಮ್ಮ ಮಳೆಗಾಲದ ತೇವ ಅದಕ್ಕೆ ಆಗದು. ಎಣ್ಣೆನೀರಿನ ದಿನ ಬಿಚ್ಚಿಡಲು ಮರೆಯಬೇಡಿ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗಿ ಸೀಟಿ ಹೊಡೆಯುತ್ತದೆ, ಆಗ ಮಿಷಿನ್ನು ಕೆಟ್ಟಿತು ಅಂತ ಮೂಲೆಗಿಡಬೇಡಿ, ಅಚ್ಚು ಬದಲಾಯಿಸಿ.

ಹೇಳಬೇಕೋ ಮುಚ್ಚಿಡಬೇಕೋ ಅಂತ ಕೇಳಿದಿರಿ. ನಾನು ಮುಚ್ಚಿಟ್ಟು ಐದು ತಿಂಗಳು ಪಡೆದದ್ದು ಏನು ಅಂತ ಮೇಲೆ ಬರೆದಿದ್ದೇನೆ. ನಿಮ್ಮ ಸೊಸೆಗೂ ಇದನ್ನು ಓದಲು ಕೊಡಿ. ಮಗುವಿಗೆ ಯಾರ ಕಡೆಯಿಂದ ಬಂತು ಅಂತ ಮನೆಯಲ್ಲಿ ಮಾತು ಎದ್ದರೆ, ನೀವು ಹಿರಿಯರು, ನೀವೇ ನಿಲ್ಲಿಸಿ. ನಮ್ಮ ಅಜ್ಜಿಗೆ ಈಗ ಎಂಬತ್ತಾರು. ಅವರಿಗೂ ಕಿವಿ ಮಂದವಾಗಿದೆ. ಹೋದ ಆಷಾಢದಲ್ಲಿ ಮಿಷಿನ್ನು ಹಾಕಿಸಿದೆವು. ಹಾಕಿಕೊಳ್ಳುವುದಿಲ್ಲ ಅಂತ ಹಠ, ಜನ ನೋಡುತ್ತಾರಂತೆ. ಸೆರಗು ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ, ಪುಟ್ಟಿ ಹೋಗಿ ಸೆರಗು ಹಿಂದಕ್ಕೆ ಸರಿಸಿ ಬರುತ್ತಾಳೆ. ದಿನಕ್ಕೆ ನಾಲ್ಕು ಸಲ ಇದು ನಡೆಯುತ್ತದೆ.

ಮೊಮ್ಮಗನ ಪರೀಕ್ಷೆ ಆದ ಮೇಲೆ ಒಂದು ಕಾರ್ಡು ಹಾಕಿ. ಹಲಸಿನಕಾಯಿ ಹಪ್ಪಳ ಮುಂದಿನ ಸಂಚಿಕೆಗೆ.